ಚೊಚ್ಚಲಿಗೆ ಹಾಲು ಸಾಲಲಿಲ್ಲವೇ? ಈ ಸಲ ಮೊದಲೇ ಸಿದ್ಧರಾಗಿ

ಎರಡನೆಯ ಸಲ ತಿಂಗಳು ನಿಂತಿದೆ ಎಂದು ತಿಳಿದಾಗ ಮನೆಮಂದಿಗೆಲ್ಲ ಸಂತೋಷ. ನಿಮಗೂ ಸಂತೋಷವೇ. ಆದರೆ ಅದರ ಜೊತೆಗೇ, ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಅಳುಕೊಂದು ಒಳಗೆ ಕೂತಿರುತ್ತದೆ. "ಮೊದಲನೆಯದಕ್ಕೇ ಇವಳಿಗೆ ಹಾಲಿರಲಿಲ್ಲ, ಇನ್ನು ಇದಕ್ಕೆಲ್ಲಿಂದ ಬರಬೇಕು?" ಎಂದು ಬಂದವರ ಮುಂದೆ ಮನೆಯ ಹಿರಿಯರು ಯಾರೋ ಆಡಿದ ಮಾತು. ಆಡಿದವರು ಮರೆತಿದ್ದಾರೆ, ನೀವು ಮರೆತಿಲ್ಲ. ಒಡೆದು ರಕ್ತ ಜಿನುಗುತ್ತಿದ್ದ ತೊಟ್ಟು, ರಾತ್ರಿಯೆಲ್ಲ ಕಿರುಚಿದ ಕೂಸು, ಕಡೆಗೊಂದು ದಿನ ಮನೆಗೆ ಬಂದ ಪುಡಿಹಾಲಿನ ಡಬ್ಬಿ, ಅದನ್ನು ಕುಡಿದು ಮಗು ತಣ್ಣಗೆ ನಿದ್ದೆ ಹೋದಾಗ ಆದ ಸಮಾಧಾನ, ಆ ಸಮಾಧಾನದ ಬೆನ್ನಿಗೇ ಬಂದ ಅಳು, ಎಲ್ಲವೂ ನೆನಪಿದೆ.

ಸೋದರಿ, ಈ ಲೇಖನ ನಿಮಗಾಗಿಯೇ. ಡಬ್ಬಿ ಹಾಲು ಕುಡಿದ ನಿಮ್ಮ ಚೊಚ್ಚಲು ಈಗ ಅಂಗಳದಲ್ಲಿ ಕುಣಿಯುತ್ತಿರಬಹುದು. ಹಸಿದ ಮಗುವಿಗೆ ಹೊಟ್ಟೆ ತುಂಬಿಸಿದಿರಿ, ಅದರಲ್ಲಿ ತಪ್ಪೇನೂ ಇಲ್ಲ. ಆ ಮಾತನ್ನು ಅಲ್ಲಿಗೇ ಬಿಡೋಣ.

ಧೈರ್ಯಕ್ಕೆ ಒಂದು ವಿಷಯ ಕೇಳಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 22 ತಾಯಂದಿರ ಹಾಲನ್ನು ಮೊದಲ ಮಗುವಿನ ಕಾಲದಲ್ಲೂ ಎರಡನೆಯದರ ಕಾಲದಲ್ಲೂ ಅಳೆದು ನೋಡಿದರು. 2001ರಲ್ಲಿ ಅದರ ವರದಿ ಪ್ರಕಟವಾಯಿತು. ಎರಡನೆಯ ಸಲ, ಮೊದಲ ವಾರದ ಹೊತ್ತಿಗೆ, ಹಾಲು ಸರಾಸರಿ ಶೇಕಡಾ 31ರಷ್ಟು ಹೆಚ್ಚಿತ್ತು. ಅದಕ್ಕಿಂತ ಮುಖ್ಯವಾದದ್ದು, ಮೊದಲ ಸಲ ಯಾರಿಗೆ ತೀರಾ ಕಡಿಮೆ ಇತ್ತೋ ಅವರಿಗೇ ಈ ಹೆಚ್ಚಳ ಎಲ್ಲರಿಗಿಂತ ಜಾಸ್ತಿ. ಪರೀಕ್ಷೆ ಚಿಕ್ಕದು, ಒಪ್ಪೋಣ. ಆದರೂ "ಒಮ್ಮೆ ಇಲ್ಲದ್ದು ಮತ್ತೆಂದೂ ಇಲ್ಲ" ಎನ್ನುವ ಮಾತಿಗೆ ಇದು ಒಳ್ಳೆಯ ಉತ್ತರ.

ಆಗ ನಡೆದದ್ದೇನು?

ಒಂದು ಮಧ್ಯಾಹ್ನ ಹಿರಿಯದು ಮಲಗಿದಾಗ ಪೆನ್ನು ಕಾಗದ ಹಿಡಿದು ಕೂತುಕೊಳ್ಳಿ. ಮೊದಲ ಹೆರಿಗೆಯ ಆ ಹದಿನೈದು ದಿನ ಏನೇನಾಯಿತು ಬರೆಯಿರಿ. ಹೆರಿಗೆ ಸಹಜವೋ, ಸಿಸೇರಿಯನ್ನೋ? ಎಷ್ಟು ಹೊತ್ತಿನ ಮೇಲೆ ಮಗುವನ್ನು ಎದೆಗೆ ಹಾಕಿದರು? ನಡುವೆ ಸಕ್ಕರೆನೀರು, ಜೇನುತುಪ್ಪ, ಕತ್ತೆಹಾಲು ಅಂತ ಏನಾದರೂ ಬಾಯಿಗೆ ಬಿತ್ತೇ? ಎದೆ ಬಿಗಿದು ಭಾರವಾಯಿತೇ, ಅಥವಾ ಭಾರವೇ ಆಗಲಿಲ್ಲವೇ? ಮಗುವಿನ ತೂಕ ಏರಿತೇ, ಇಳಿಯಿತೇ? ಹಳೆಯ ತಾಯಿ ಕಾರ್ಡ್ ಇದ್ದರೆ ಅದನ್ನೂ ತೆಗೆದು ನೋಡಿ.

ಬರೆದದ್ದನ್ನು ಓದುವಾಗ ಬಹಳ ಜನರಿಗೆ ಒಂದು ವಿಷಯ ಹೊಳೆಯುತ್ತದೆ. ಹಾಲು ಇಲ್ಲದೆ ಹೋದದ್ದಲ್ಲ, ಬರುವುದಕ್ಕೆ ಮುಂಚೆಯೇ "ಇಲ್ಲ" ಎಂದು ತೀರ್ಮಾನವಾದದ್ದು. ಮೊದಲ ದಿನ ಬರುವುದೇ ಕೆಲವು ಚಮಚದಷ್ಟು ಮಂದವಾದ ಹಳದಿ ಹಾಲು. ಆ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು. (ಹಸು ಕರು ಹಾಕಿದ ಮನೆಯಿಂದ ಗಿಣ್ಣು ಬರುವುದನ್ನೇ ಕಾದು ಕೂರುವ ನಾವು, ಬಾಣಂತಿಯ ಗಿಣ್ಣನ್ನು ಮಾತ್ರ ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸುತ್ತೇವಲ್ಲ!) ಹಾಲು ತುಂಬಿ ಬರುವುದು ಎರಡರಿಂದ ನಾಲ್ಕನೆಯ ದಿನದೊಳಗೆ. ಸಿಸೇರಿಯನ್ ಆಗಿದ್ದರೆ, ರಕ್ತ ಬಹಳ ಹೋಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಒಂದೆರಡು ದಿನ ತಡ. ಆ ನಡುವಿನ ದಿನಗಳಲ್ಲೇ ಬಾಟ್ಲಿ ಬರುತ್ತದೆ. ಬಾಟ್ಲಿಯಲ್ಲಿ ಹೊಟ್ಟೆ ತುಂಬಿದ ಕೂಸು ಎದೆ ಚೀಪುವುದಿಲ್ಲ. ಚೀಪದ ಎದೆಯಲ್ಲಿ ಹಾಲು ಉತ್ಪತ್ತಿ ಇಳಿಯುತ್ತದೆ. ಬಾವಿಯಿದ್ದ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಸೇದಿದಷ್ಟೂ ಒರತೆ.

ಇನ್ನು ನೋವಿನ ಮಾತು. ಮೊದಲ ದಿನಗಳಲ್ಲಿ ಸ್ವಲ್ಪ ಹುಣ್ಣುಹುಣ್ಣೆನಿಸುವುದು ಬೇರೆ, ಚರ್ಮ ಒಡೆದು ಹಲ್ಲು ಕಚ್ಚಿಕೊಂಡು ಕುಡಿಸುವುದು ಬೇರೆ. ಇದು ಮಗು ಬರೀ ತೊಟ್ಟನ್ನು ಚೀಪುತ್ತಿರುವುದರ ಗುರುತು. ಮಗುವಿನ ಬಾಯಿಗೆ ತೊಟ್ಟಲ್ಲ, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಹುಪಾಲು ಹೋಗಬೇಕು. ಮಗುವಿನ ಮೂಗು ತೊಟ್ಟಿನ ನೇರಕ್ಕೆ, ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿ, ತಲೆ ಮೈ ಒಂದೇ ಸಾಲಿನಲ್ಲಿ ಇರಲಿ. ತೊಟ್ಟಿನಿಂದ ಮೇಲ್ತುಟಿ ಸವರಿದರೆ ಅದು ಆಕಳಿಸುವಂತೆ ಬಾಯಿ ತೆರೆಯುತ್ತದೆ. ಆ ಕ್ಷಣಕ್ಕೆ ಮಗುವನ್ನೇ ಎದೆಯ ಕಡೆಗೆ ತನ್ನಿ. ಎದೆಯನ್ನು ಬಗ್ಗಿಸಿ ಮಗುವಿನ ಬಾಯಿಗೆ ತುರುಕಬೇಡಿ, ನಿಮಗೆ ಬೆನ್ನುನೋವು, ಅದಕ್ಕೆ ಹಿಡಿತವಿಲ್ಲ. ಗಲ್ಲ ಎದೆಗೆ ತಾಗಿ, ಕೆಳತುಟಿ ಹೊರಕ್ಕೆ ಮಡಚಿಕೊಂಡಿದ್ದರೆ ಸರಿಯಾಗಿದೆ ಎಂದರ್ಥ. ನೋಯುತ್ತಲೇ ಇದ್ದರೆ ಸಹಿಸಿಕೊಂಡು ಕೂರಬೇಡಿ. ಕಿರುಬೆರಳನ್ನು ಬಾಯಿಯ ಮೂಲೆಯಿಂದ ಮೆಲ್ಲಗೆ ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಹತ್ತು ಸಲ ಆದರೂ ಸರಿಯೇ.

ದೇಹದ ಕಾರಣಗಳೂ ಇರುತ್ತವೆ, ಅವನ್ನು ಮುಚ್ಚಿಡುವುದು ಬೇಡ. ಥೈರಾಯ್ಡ್ ತೊಂದರೆ, ಹೆರಿಗೆಯಲ್ಲಿ ಅತಿ ರಕ್ತಸ್ರಾವ, ಮಾಸು ಚೂರು ಒಳಗೇ ಉಳಿದದ್ದು, ಎದೆಗೆ ಹಿಂದೆ ಆದ ಆಪರೇಷನ್ ಇವೆಲ್ಲ ಹಾಲನ್ನು ತಗ್ಗಿಸಬಲ್ಲವು. ಬಸುರಿನಲ್ಲಿ ಎದೆ ಒಂದಿಷ್ಟೂ ಬೆಳೆಯದೆ, ಹೆರಿಗೆಯ ಮೇಲೂ ತುಂಬದೆ ಹೋಗಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಮಗುವಿನ ಕಡೆಯಿಂದ ನೋಡಿದರೆ, ದಿನ ತುಂಬದೆ ಹುಟ್ಟಿದ್ದು, ನಾಲಿಗೆಯ ಕೆಳಗಿನ ಚರ್ಮ ಬಿಗಿಯಾಗಿ ಅಂಟಿಕೊಂಡದ್ದು ಕಾರಣವಾಗಿರಬಹುದು. ನೀವು ಬರೆದ ಕಾಗದವನ್ನು ಏಳನೆಯ ತಿಂಗಳ ತಪಾಸಣೆಗೆ ಹೋಗುವಾಗ ಚೀಲದಲ್ಲಿಟ್ಟುಕೊಂಡು ಹೋಗಿ, ಲೇಡಿ ಡಾಕ್ಟರ ಮುಂದಿಡಿ. ತೊಟ್ಟು ಒಳಕ್ಕೆ ಹೋಗಿದೆಯೆಂದು ಬಸುರಿನಲ್ಲೇ ಎಳೆದೆಳೆದು ತಿದ್ದುವುದು, ಒರಟು ಬಟ್ಟೆಯಿಂದ ಉಜ್ಜುವುದು ಬೇಕಿಲ್ಲ. ಆ ವ್ಯಾಯಾಮದಿಂದ ಲಾಭವಿಲ್ಲವೆಂದು ಪರೀಕ್ಷಿಸಿ ನೋಡಿದ್ದಾರೆ. ಹೆರಿಗೆಯ ಮೇಲೆ ನರ್ಸಿನ ಸಹಾಯದಿಂದ ಸರಿಮಾಡಿಕೊಳ್ಳಬಹುದು.

ಮನೆಯವರೊಡನೆ ಮಾತು ಈಗಲೇ

ಮೂರನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ಮಗು ಅಳುತ್ತಿರುವಾಗ, ಹಾಸಿಗೆಯ ಸುತ್ತ ನಾಲ್ಕು ಜನ ಹಿರಿಯರು ನಿಂತಿರುವಾಗ, ಹೊಲಿಗೆ ಹಾಕಿಸಿಕೊಂಡು ಮಲಗಿದ ಹೆಂಗಸು ವಾದ ಮಾಡಿ ಗೆಲ್ಲುವುದುಂಟೇ? ಆದ್ದರಿಂದ ವಾದವೇನಿದ್ದರೂ ಬಸುರಿನಲ್ಲಿ ಮುಗಿಯಬೇಕು. ಅನೇಕ ಮನೆಗಳಲ್ಲಿ ಮೊದಲ ಬಾಣಂತನ ತವರಿನಲ್ಲಿ, ಎರಡನೆಯದು ಅತ್ತೆಮನೆಯಲ್ಲಿ. ಈ ಸಲ ಬಾಣಂತನ ಮಾಡುವವರು ಯಾರೋ ಅವರನ್ನೇ ಒಮ್ಮೆ ತಪಾಸಣೆಗೆ ಜೊತೆಗೆ ಕರೆದೊಯ್ಯಿರಿ. ಸೊಸೆ ಹೇಳಿದರೆ ಕೇಳದ ಮಾತು ಡಾಕ್ಟರು ಹೇಳಿದರೆ ಬೇಗ ಕಿವಿಗೆ ಬೀಳುತ್ತದೆ, ಲೋಕರೂಢಿ!

ಎಲ್ಲದಕ್ಕೂ ಜಗಳ ಬೇಡಿ. ಅಳವಿ ಪಾಯಸ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಅಂಟಿನುಂಡೆ ಕೊಟ್ಟರೆ ತಿನ್ನಿ. ಅದರಿಂದ ಹಾಲಿನ ಹೊಳೆ ಹರಿಯದಿದ್ದರೂ ಮೈಗೆ ಶಕ್ತಿ, ಪ್ರೀತಿಯಿಂದ ಮಾಡಿದವರಿಗೂ ಸಂತೋಷ. ಎರಡು ಸಂಗತಿಗೆ ಮಾತ್ರ ಹಟ ಹಿಡಿಯಿರಿ. ಒಂದು, ಡಾಕ್ಟರು ಹೇಳದೆ ಮಗುವಿನ ಬಾಯಿಗೆ ಎದೆಹಾಲಲ್ಲದೆ ಬೇರೇನೂ ಬೀಳಕೂಡದು. ಆರು ತಿಂಗಳವರೆಗೆ ನೀರೂ ಬೇಡ. ಜೇನುತುಪ್ಪವಂತೂ ವರ್ಷ ತುಂಬುವ ತನಕ ಕೂಡದು, ಎಳೆಗೂಸಿಗೆ ಅದರಿಂದ ಪ್ರಾಣಾಪಾಯದ ರೋಗ ಬರಬಹುದು. ಎರಡು, ಬಾಣಂತಿಗೆ ಬಾಯಾರಿದಾಗ ನೀರು ಬೇಕು. "ನೀರು ಕುಡಿದರೆ ಹೊಟ್ಟೆ ಬರುತ್ತೆ" ಅನ್ನುವುದಕ್ಕೆ ಆಧಾರವಿಲ್ಲ.

ಯಜಮಾನರಿಗೂ ಒಂದು ಕೆಲಸ ಹಚ್ಚಿ. ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಕೊಡಿ ಎಂದು ಆಸ್ಪತ್ರೆಯಲ್ಲಿ ಕೇಳುವವರು ಅವರಾಗಲಿ. ಪುಡಿಹಾಲಿನ ಜಾಹೀರಾತು, ಬಿಟ್ಟಿ ಡಬ್ಬಿ ಹಂಚುವುದು ನಮ್ಮ ದೇಶದಲ್ಲಿ 1992ರ ಕಾಯಿದೆಯಿಂದ ನಿಷಿದ್ಧ. 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ. ಯಾರಾದರೂ ಡಬ್ಬಿ ತಂದು ಕೈಗಿಟ್ಟರೆ "ಯಾಕೆ ಬೇಕು?" ಎಂದು ಕೇಳುವ ಹಕ್ಕು ನಿಮಗಿದೆ.

ಮೊದಲ ಕೆಲವು ದಿನ

ಹುಟ್ಟಿದ ಕೂಡಲೆ ಮಗುವನ್ನು ಬರೀ ಮೈಯಲ್ಲಿ ನಿಮ್ಮ ಎದೆಯ ಮೇಲೆ ಮಲಗಿಸಿ ಮೇಲೊಂದು ಬಟ್ಟೆ ಹೊದಿಸಲಿ. ಸಿಸೇರಿಯನ್ ಆದರೆ ಪಕ್ಕಕ್ಕೆ ಮಲಗಿ ಕುಡಿಸಬಹುದು, ಅಥವಾ ಮಗುವನ್ನು ಕಂಕುಳಡಿ ಹಿಡಿದರೆ ಹೊಲಿಗೆಗೆ ಒತ್ತಡ ಬೀಳದು. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಸಬೇಕು. ಮಗುವನ್ನು ಬೇರೆ ವಾರ್ಡಿನಲ್ಲಿಟ್ಟರೆ ಸುಮ್ಮನೆ ಕಾಯಬೇಡಿ. ಮೊದಲ ಕೆಲವು ಗಂಟೆಗಳಲ್ಲೇ ಕೈಯಿಂದ ಹಿಂಡಲು ಶುರುಮಾಡಿ, ಎರಡು ಮೂರು ಗಂಟೆಗೊಮ್ಮೆ ಹಿಂಡಿ, ಆ ಹಾಲನ್ನೇ ಒಳಲೆಯಲ್ಲಿ ಕುಡಿಸಲು ಹೇಳಿ. ಅಜ್ಜಿಯ ಕಾಲದ ಒಳಲೆ ಅಟ್ಟದಲ್ಲಿದ್ದರೆ ಇಳಿಸಿ. ಬಾಟ್ಲಿಗಿಂತ ಅದನ್ನು ತೊಳೆಯುವುದು, ಕುದಿಸುವುದು ಎಷ್ಟೋ ಸುಲಭ.

ಸಾಲುತ್ತಿದೆಯೇ ಎಂದು ಅಳುವಿನಿಂದ ಅಳೆಯಬೇಡಿ. ಸಂಜೆಯ ಹೊತ್ತು ಮಕ್ಕಳು ಮೇಲಿಂದ ಮೇಲೆ ಎದೆ ಕೇಳುತ್ತವೆ, ಅದು ಅವುಗಳ ಸ್ವಭಾವ. ಬಟ್ಟೆ ನೋಡಿ. ಐದು ದಿನ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು, ಕಕ್ಕ ಹಳದಿಗೆ ತಿರುಗಿದ್ದರೆ ಹಾಲು ಇಳಿಯುತ್ತಿದೆ. ತೂಕ ಮೊದಲು ಸ್ವಲ್ಪ ಇಳಿಯುವುದು ಸಹಜ. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಬರಬೇಕು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನಗಳಲ್ಲಿ ಮನೆಗೆ ಬಂದು ನೋಡುವ ಕ್ರಮವಿದೆ. ಬಂದಾಗ ತೂಕ ಮಾಡಿಸಿ, ಕುಡಿಸುವುದನ್ನು ಅವರ ಎದುರಿಗೇ ಮಾಡಿ ತೋರಿಸಿ. ಎದೆ ಕಲ್ಲಿನಂತಾದರೆ ಕುಡಿಸುವ ಮುಂಚೆ ಸ್ವಲ್ಪ ಹಿಂಡಿ, ಕುಡಿಸಿದ ಮೇಲೆ ತಣ್ಣೀರ ಬಟ್ಟೆ ಹಾಕಿ. ಕೆಂಪಾಗಿ ಜ್ವರ ಬಂದರೆ ಡಾಕ್ಟರಿಗೆ ತೋರಿಸಿ, ಕುಡಿಸುವುದನ್ನು ಮಾತ್ರ ನಿಲ್ಲಿಸಬೇಡಿ.

ಕೂಸು ಮಂಕಾಗಿ ಎದ್ದೇಳದಿದ್ದರೆ, ಚೀಪದಿದ್ದರೆ, ಉಚ್ಚೆ ಕಡಿಮೆಯಾದರೆ, ಅಂಗಾಲು ಅಂಗೈವರೆಗೆ ಹಳದಿಯಾದರೆ ತಕ್ಷಣ ಆಸ್ಪತ್ರೆಗೆ. ಅಲ್ಲಿ ಪುಡಿಹಾಲು ಬೇಕು ಎಂದರೆ ಹಟ ಮಾಡದೆ ಕೊಡಿ. ಈ ಸಲ ಕುಡಿಸಿಯೇ ತೀರುತ್ತೇನೆಂಬ ಛಲ ಮಗುವಿನ ಹಸಿವಿಗಿಂತ ದೊಡ್ಡದಾಗಬಾರದು.

ಎಲ್ಲ ಮಾಡಿಯೂ ಪೂರ್ತಿ ಸಾಲದ ತಾಯಂದಿರು ಇದ್ದಾರೆ. ಅಂಥವರು ಮೊದಲು ಎದೆಗೆ ಹಾಕಿ, ಕೊರತೆ ಬಿದ್ದದ್ದನ್ನು ಒಳಲೆಯಲ್ಲಿ ಕೊಡಬಹುದು. ದಿನಕ್ಕೆ ನಾಲ್ಕೇ ಚಮಚ ಬಂದರೂ ಅದು ಮಗುವಿಗೆ ಸೇರುವ ಹಾಲೇ. ಹಾಲು ಹೆಚ್ಚಿಸುತ್ತದೆಂದು ಮಾರುವ ಪುಡಿಗಳಿಗೆ ದುಡ್ಡು ಸುರಿಯುವ ಮುಂಚೆ ಡಾಕ್ಟರನ್ನು ಕೇಳಿ, ಮಾತ್ರೆಯನ್ನಂತೂ ನೀವಾಗಿಯೇ ತರಿಸಿಕೊಳ್ಳಬೇಡಿ. ಅಳು, ನಿದ್ದೆಗೇಡು, ಮಗುವನ್ನು ಕಂಡರೆ ಭಯ ಇವು ಎರಡು ವಾರ ದಾಟಿಯೂ ಬಿಡದಿದ್ದರೆ ಅದು ಸಹ ಡಾಕ್ಟರಿಗೆ ಹೇಳಬೇಕಾದ ಕಾಯಿಲೆಯೇ, ನಾಚಿಕೆ ಬೇಡ. ಆ ಹೊತ್ತಿಗೆ ಹಾಲೂಡಿಸುವುದಕ್ಕಿಂತ ನೀವು ಚೇತರಿಸಿಕೊಳ್ಳುವುದು ಮುಖ್ಯವೆನಿಸಿದರೆ, ಆ ತೀರ್ಮಾನ ನಿಮ್ಮದು.

ಹಿರಿಯ ಮಗುವನ್ನು ಮರೆಯಬೇಡಿ. ನೀವು ಕೂಸಿಗೆ ಕುಡಿಸುವಾಗಲೇ ಅದಕ್ಕೆ ಕಥೆ ಬೇಕು, ನೀರು ಬೇಕು, ನಿಮ್ಮ ತೊಡೆಯೇ ಬೇಕು. ಹಾಸಿಗೆಯ ಪಕ್ಕದಲ್ಲಿ ಒಂದು ಡಬ್ಬಿಯಲ್ಲಿ ಚುರುಮುರಿಯೋ ಒಣದ್ರಾಕ್ಷಿಯೋ ಇಟ್ಟುಕೊಂಡು, ಇದು ತಂಗಿ ಹಾಲು ಕುಡಿಯುವಾಗ ಮಾತ್ರ ಸಿಗುವುದು ಎಂದು ಹೇಳಿಡಿ. "ನಂಗೂ ಬೇಕು" ಎಂದು ಎದೆಗೇ ಬಂದರೆ ಗದರಬೇಡಿ. ಒಮ್ಮೆ ಬಾಯಿಟ್ಟು ನೋಡಿ, ಮುಖ ಕಿವುಚಿಕೊಂಡು ಚುರುಮುರಿ ಡಬ್ಬಿಯ ಕಡೆಗೇ ಓಡುವ ಮಕ್ಕಳೇ ಹೆಚ್ಚು.