ಶೋರೂಂ ಸರ್ವಿಸ್ ಆದ್ಮೇಲೂ ಗಾಡಿ ಸದ್ದು ನಿಲ್ಲಲ್ಲ ಯಾಕೆ? ಮೆಕ್ಯಾನಿಕ್ ಸಂಬಳದಲ್ಲಿದೆ ಉತ್ತರ

ಸಾಗರ, ಸೊರಬ, ಹೊಸನಗರ ಕಡೆಯಿಂದ ಕಾರು ಸರ್ವಿಸ್‌ಗೆ ಅಂತ ಶಿವಮೊಗ್ಗಕ್ಕೆ ಹೋದರೆ ಒಂದು ದಿನ ಅಲ್ಲಿಗೇ ಮುಗಿಯಿತು. ಬೆಳಗ್ಗೆ ಗಾಡಿ ಬಿಡಬೇಕು, ಎಸಿ ರೂಮಿನಲ್ಲಿ ಕೂತು ಕಾಯಬೇಕು, ಸಂಜೆ ಬಿಲ್ ಕಟ್ಟಿ ವಾಪಸ್ ಹೊರಡಬೇಕು. ಅಂಗಡಿ ಇಟ್ಟವರಾದರೆ ಆ ದಿನದ ವ್ಯಾಪಾರವೂ ಹೋಯಿತು. ಇಷ್ಟೆಲ್ಲ ಆಗಿ ಆಯನೂರು ದಾಟುವ ಹೊತ್ತಿಗೆ ಅದೇ ಹಳೇ 'ಕಟಕಟ' ಸದ್ದು ಮತ್ತೆ ಕೇಳಿಸಿದರೆ ಸಿಟ್ಟು ಬರದೆ ಇರುತ್ತದೆಯೇ?

"ಕಂಪನಿ ಸರ್ವಿಸ್ ಸೆಂಟರ್ ಅಂತಾರೆ, ಇಷ್ಟುದ್ದ ಬಿಲ್ ಕೊಡ್ತಾರೆ, ಒಂದು ಸದ್ದು ಹಿಡಿಯೋಕೆ ಆಗಲ್ವಾ?" ಇದು ಎಲ್ಲರೂ ಕೇಳುವ ಪ್ರಶ್ನೆ. ಸಾಮಾನ್ಯವಾಗಿ ಬೈಗುಳ ತಿನ್ನುವವನು ಮೆಕ್ಯಾನಿಕ್. ಹುಡುಗರಿಗೆ ಕೆಲಸ ಗೊತ್ತಿಲ್ಲ, ಶ್ರದ್ಧೆ ಇಲ್ಲ ಅಂತ ಮಾತು ಮುಗಿಯುತ್ತದೆ. ಆದರೆ ಎಷ್ಟೋ ಸಲ ತಪ್ಪು ಇರುವುದು ಅವನ ಕೈಯಲ್ಲಲ್ಲ, ಅವನಿಗೆ ದುಡ್ಡು ಕೊಡುವ ಲೆಕ್ಕದಲ್ಲಿ. ಆ ಲೆಕ್ಕ ಏನು, ಅದರಿಂದ ನಿಮ್ಮ ಗಾಡಿಗೆ ಏನಾಗುತ್ತದೆ, ಅದಕ್ಕೆ ಗ್ರಾಹಕರು ಏನು ಮಾಡಬಹುದು ಎನ್ನುವ ವಿವರ ಇಲ್ಲಿದೆ.

ಏನಿದು 'ಫ್ಲಾಟ್ ರೇಟ್'?

ಈ ಲೆಕ್ಕವನ್ನು ಸರಿಯಾಗಿ ನೋಡಬೇಕೆಂದರೆ ಅಮೆರಿಕಕ್ಕೆ ಹೋಗಬೇಕು. ಅಲ್ಲಿನ ಕಾರು ಡೀಲರ್‌ಗಳ ವರ್ಕ್‌ಶಾಪಿನಲ್ಲಿ ಬಹುಪಾಲು ಮೆಕ್ಯಾನಿಕ್‌ಗಳಿಗೆ ತಿಂಗಳ ಸಂಬಳ ಇರುವುದಿಲ್ಲ, ನಿಂತ ಗಂಟೆಗೂ ದುಡ್ಡಿಲ್ಲ. ಮುಗಿಸಿದ ಕೆಲಸಕ್ಕೆ ಮಾತ್ರ ದುಡ್ಡು. ಇದನ್ನೇ 'ಫ್ಲಾಟ್ ರೇಟ್' ಅನ್ನುತ್ತಾರೆ. ರಿಪೇರಿಗೆ ಇಷ್ಟೇ ಸಮಯ, ಇಷ್ಟೇ ದರ ಎಂದು ಮೊದಲೇ ಕಟ್ಟುವ ಈ ಪದ್ಧತಿ ಹೊಸದೇನಲ್ಲ. 1920ರ ದಶಕದ ಹೊತ್ತಿಗೇ ಫೋರ್ಡ್ ಕಂಪನಿ ತನ್ನ ಡೀಲರ್‌ಗಳಲ್ಲಿ ಇದನ್ನು ತರಲು ಹೊರಟಿತ್ತು.

ಲೆಕ್ಕ ಹೀಗೆ: ಪ್ರತಿ ಕೆಲಸಕ್ಕೂ ಪುಸ್ತಕದಲ್ಲಿ ಒಂದು ಸಮಯ ಬರೆದಿರುತ್ತದೆ. ಉದಾಹರಣೆಗೆ, ಒಂದು ಕೆಲಸಕ್ಕೆ 2 ಗಂಟೆ ಎಂದು ಬರೆದಿದೆ ಅಂದುಕೊಳ್ಳಿ. ಮೆಕ್ಯಾನಿಕ್ ಒಂದೂವರೆ ಗಂಟೆಯಲ್ಲಿ ಮುಗಿಸಿದರೂ 2 ಗಂಟೆಯ ದುಡ್ಡು ಸಿಗುತ್ತದೆ. ತುಕ್ಕು ಹಿಡಿದ ಬೋಲ್ಟ್ ಮುರಿದು 3 ಗಂಟೆ ಹಿಡಿದರೂ ಸಿಗುವುದು ಅದೇ 2 ಗಂಟೆಯದ್ದು. ಕೈ ಚುರುಕಾದವನು 8 ಗಂಟೆಯ ದಿನದಲ್ಲಿ 10 ಗಂಟೆಯ ಕೆಲಸ ಬರೆಸಿಕೊಳ್ಳಬಹುದು. ಆದರೆ ಗಾಡಿ ಬರದ ದಿನ, ಪಾರ್ಟ್ಸ್‌ಗೆ ಕಾಯುವ ಹೊತ್ತು, ಬೇ ಗುಡಿಸುವ ಹೊತ್ತು, ಇದ್ಯಾವುದಕ್ಕೂ ಲೆಕ್ಕವಿಲ್ಲ.

ಮಲೆನಾಡಿನವರಿಗೆ ಇದು ಹೊಸ ವಿಷಯ ಅಲ್ಲ. ಅಡಿಕೆ ಸುಲಿಯುವುದು ಕೆಜಿ ಲೆಕ್ಕದಲ್ಲಿ. ಬೀಡಿ ಕಟ್ಟುವುದು ಸಾವಿರದ ಲೆಕ್ಕದಲ್ಲಿ. ಎಷ್ಟು ಕೆಲಸವೋ ಅಷ್ಟು ಕಾಸು. ಇದರಲ್ಲಿ ನ್ಯಾಯವೂ ಇದೆ, ಚೆನ್ನಾಗಿ ಕೆಲಸ ಕಲಿತವನಿಗೆ ಜಾಸ್ತಿ ಸಿಗುತ್ತದೆ.

ಆದರೆ ಅಡಿಕೆಗೂ ಕಾರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಸುಲಿದ ಅಡಿಕೆ ಸರಿ ಇದೆಯೋ ಇಲ್ಲವೋ ಎಂದು ಮನೆ ಯಜಮಾನ ಬುಟ್ಟಿಗೆ ಕೈ ಹಾಕಿ ನೋಡಬಹುದು. ಕಾರಿನ ಬ್ರೇಕ್ ಒಳಗೆ ಗ್ರೀಸ್ ಹಚ್ಚಿದ್ದಾರೋ ಇಲ್ಲವೋ ಎಂದು ಗ್ರಾಹಕ ಹೇಗೆ ನೋಡಬೇಕು? ಕೆಲಸ ಕಣ್ಣಿಗೆ ಕಾಣುವಲ್ಲಿ ಪೀಸ್ ಲೆಕ್ಕ ಪರವಾಗಿಲ್ಲ. ಕಣ್ಣಿಗೆ ಕಾಣದ ಕೆಲಸಕ್ಕೆ ಅದೇ ಲೆಕ್ಕ ಹಾಕಿದರೆ ಮೊದಲು ಹೋಗುವುದೇ ಆ ಕಾಣದ ಭಾಗ.

ಎಲ್ಲಿ ಕೈ ಬಿಡುತ್ತಾರೆ?

ಬ್ರೇಕ್ ಪ್ಯಾಡ್ ಬದಲಿಸುವುದನ್ನೇ ನೋಡಿ. ಹಳೇ ಪ್ಯಾಡ್ ತೆಗೆದು ಹೊಸದು ಹಾಕುವುದು ಬೇಗ ಆಗುವ ಕೆಲಸ. ಆದರೆ ಕೆಲಸ ಪೂರ್ತಿ ಆಗಬೇಕಾದರೆ ಕ್ಯಾಲಿಪರ್‌ನ ಪಿನ್ ಬಿಚ್ಚಿ ಒರೆಸಬೇಕು, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಬೇಕು, ಡಿಸ್ಕ್ ಎಷ್ಟು ಸವೆದಿದೆ ಎಂದು ಅಳೆಯಬೇಕು, ವೀಲ್ ನಟ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ ಸರಿಯಾಗಿ ಬಿಗಿಯಬೇಕು, ಕೊನೆಗೆ ರಸ್ತೆಗೆ ತೆಗೆದುಕೊಂಡು ಹೋಗಿ ಓಡಿಸಿ ನೋಡಬೇಕು. ಅವಸರದಲ್ಲಿ ಇವನ್ನೆಲ್ಲ ಬಿಟ್ಟರೂ ಗಾಡಿ ಅವತ್ತು ಚೆನ್ನಾಗಿಯೇ ನಿಲ್ಲುತ್ತದೆ. ಪಿನ್ ಹಿಡಿದುಕೊಂಡು ಒಂದೇ ಕಡೆಯ ಪ್ಯಾಡ್ ಸವೆದಿದ್ದು ಗೊತ್ತಾಗುವುದು ತಿಂಗಳುಗಳ ನಂತರ. ಆಗುಂಬೆ ಘಾಟಿ ಇಳಿಯುವಾಗ ಗೊತ್ತಾದರೆ ಅದು ಬರೀ ದುಡ್ಡಿನ ವಿಷಯವಾಗಿ ಉಳಿಯುವುದಿಲ್ಲ.

ಎರಡನೆಯದು ಪತ್ತೆ ಕೆಲಸ. ಎಲ್ಲಿಂದ ಸದ್ದು ಬರುತ್ತಿದೆ, ಯಾಕೆ ಆಗಾಗ ಎಂಜಿನ್ ಲೈಟ್ ಹತ್ತುತ್ತಿದೆ ಎಂದು ಹುಡುಕಲು ಒಂದು ಗಂಟೆಯೂ ಸಾಕಾಗಬಹುದು, ಇಡೀ ದಿನವೂ ಬೇಕಾಗಬಹುದು. ವೈರಿಂಗ್‌ನಲ್ಲಿ ಒಂದು ಕಡೆ ಸವೆದು ಆಗಾಗ ಮಾತ್ರ ತಾಗುತ್ತಿದ್ದರೆ ಕೇಳುವುದೇ ಬೇಡ. ಇದಕ್ಕೆ ಪುಸ್ತಕದಲ್ಲಿ ಇರುವ ಸಮಯ ಕಡಿಮೆ, ಕೆಲವು ಸಲ ಇರುವುದೇ ಇಲ್ಲ. ತಲೆ ಓಡಿಸಿ ಹುಡುಕಿದವನಿಗೆ ನಷ್ಟ, ಅಂದಾಜಿನ ಮೇಲೆ ಪಾರ್ಟ್ ಬದಲಿಸಿದವನಿಗೆ ಲಾಭ. ಹಾಗಾಗಿ "ಸೆನ್ಸರ್ ಹೋಗಿದೆ, ಹೊಸದು ಹಾಕೋಣ" ಎನ್ನುವ ಮಾತು ಬೇಗ ಬರುತ್ತದೆ. ಸೆನ್ಸರ್ ಬದಲಾದರೂ ಲೈಟ್ ಆರುವುದಿಲ್ಲ. ಆಮೇಲೆ ಇನ್ನೊಂದು ಪಾರ್ಟ್.

ಮೂರನೆಯದು ವಾರಂಟಿ. ವಾರಂಟಿ ಕೆಲಸಕ್ಕೆ ದುಡ್ಡು ಕೊಡುವವರು ಗ್ರಾಹಕರಲ್ಲ, ಕಾರು ತಯಾರಿಸುವ ಕಂಪನಿ. ಕಂಪನಿ ಕಟ್ಟುವ ಸಮಯ ಸಾಮಾನ್ಯವಾಗಿ ಗ್ರಾಹಕರ ಬಿಲ್ಲಿಗೆ ಹಾಕುವ ಸಮಯಕ್ಕಿಂತ ಬಿಗಿ. ಅದೇ ಕೆಲಸ, ಅದೇ ಬೆವರು, ಕೈಗೆ ಬರುವುದು ಕಡಿಮೆ. ಹೀಗಾಗಿ ಅಮೆರಿಕದ ವರ್ಕ್‌ಶಾಪ್‌ಗಳಲ್ಲಿ ವಾರಂಟಿ ಗಾಡಿ ಬಂತೆಂದರೆ ಮೆಕ್ಯಾನಿಕ್‌ಗಳು ಮುಖ ಹಿಂಡುವುದು ಹಳೇ ಕಥೆ. ಹೊಸ ಕಾರಿಗೆ ಒಳ್ಳೆ ಕೈ ಸಿಗಬೇಕಾದ ಹೊತ್ತಿಗೆ ಸಿಗುವುದಿಲ್ಲ.

ಇದಕ್ಕೆ ತಡೆ ಇಲ್ಲವೇ ಎಂದರೆ ಇದೆ. ಅದೇ ದೂರಿನ ಮೇಲೆ ಗಾಡಿ ವಾಪಸ್ ಬಂದರೆ ಮೆಕ್ಯಾನಿಕ್ ಪುಕ್ಕಟೆಯಾಗಿ ಮತ್ತೆ ಮಾಡಿಕೊಡಬೇಕು. ಆದರೆ 70 ಕಿ.ಮೀ. ದೂರದಿಂದ ಬಂದ ಎಷ್ಟು ಜನ ಒಂದು ಸದ್ದಿಗಾಗಿ ಮತ್ತೆ ಬರುತ್ತಾರೆ? ಹೆಚ್ಚಿನವರು ಊರಿನ ಗ್ಯಾರೇಜಿನಲ್ಲೇ ಮಾಡಿಸಿಕೊಂಡು ಸುಮ್ಮನಾಗುತ್ತಾರೆ. ಲೆಕ್ಕದಲ್ಲಿ ಮಾತ್ರ ಆ ಕೆಲಸ 'ಓಕೆ' ಎಂದೇ ಉಳಿಯುತ್ತದೆ.

ಸಿಯರ್ಸ್ ಪ್ರಕರಣ: ಕಮಿಷನ್ ತಂದ ಗಂಡಾಂತರ

ದುಡ್ಡಿನ ಲೆಕ್ಕ ಬದಲಾದರೆ ಕೆಲಸ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಇಂದಿಗೂ ಹೇಳುವ ಉದಾಹರಣೆ ಸಿಯರ್ಸ್. ಅದು ಡೀಲರ್ ಅಲ್ಲ, ದೇಶದ ತುಂಬಾ ಕಾರು ರಿಪೇರಿ ಕೇಂದ್ರಗಳಿದ್ದ ದೊಡ್ಡ ಅಂಗಡಿ ಸಂಸ್ಥೆ. ಅಲ್ಲಿ ಸರ್ವಿಸ್ ಅಡ್ವೈಸರ್‌ಗಳಿಗೆ ಕಮಿಷನ್ ಮತ್ತು ಇಂತಿಷ್ಟು ಮಾರಬೇಕೆಂಬ ಟಾರ್ಗೆಟ್ ಹಾಕಲಾಗಿತ್ತು. 1992ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಗ್ರಾಹಕ ಇಲಾಖೆ ಸಂಸ್ಥೆಯ ಮೇಲೆ ಆರೋಪ ಹೊರಿಸಿತು. ಅಧಿಕಾರಿಗಳು ಗ್ರಾಹಕರ ವೇಷದಲ್ಲಿ ಗಾಡಿ ತೆಗೆದುಕೊಂಡು ಹೋಗಿ ನೋಡಿದಾಗ ಬೇಕಿಲ್ಲದ ರಿಪೇರಿ ಮಾಡಿಸಿ ದುಡ್ಡು ತೆಗೆದುಕೊಳ್ಳಲಾಗುತ್ತಿದೆ ಎಂಬುದು ಆರೋಪ.

ಪ್ರಕರಣ ರಾಜಿಯಲ್ಲಿ ಮುಗಿಯಿತು. ಗ್ರಾಹಕರಿಗೆ ತಲಾ 50 ಡಾಲರಿನ ಕೂಪನ್ ಕೊಡಲಾಯಿತು. ಸಂಸ್ಥೆಯ ಅಧ್ಯಕ್ಷ ಎಡ್ವರ್ಡ್ ಬ್ರೆನನ್ ಅವರೇ ತಮ್ಮ ಟಾರ್ಗೆಟ್ ಮತ್ತು ಕಮಿಷನ್ ವ್ಯವಸ್ಥೆಯಿಂದ ತಪ್ಪುಗಳಾಗುವ ವಾತಾವರಣ ಹುಟ್ಟಿತು ಎಂದು ಒಪ್ಪಿಕೊಂಡರು. ಅಡ್ವೈಸರ್‌ಗಳ ಕಮಿಷನ್ ನಿಲ್ಲಿಸಲಾಯಿತು.

ಮೆಕ್ಯಾನಿಕ್‌ಗಳೂ ಕೋರ್ಟ್ ಮೆಟ್ಟಿಲು ಹತ್ತಿದ್ದಾರೆ. ಕೆಲಸಗಳ ನಡುವೆ ಗಾಡಿಗಾಗಿ ಕಾಯುವ ಹೊತ್ತಿಗೂ ದುಡ್ಡು ಬೇಕು ಎಂದು ಲಾಸ್ ಏಂಜಲೀಸ್‌ನ ಒಂದು ಡೀಲರ್‌ಶಿಪ್‌ನ ಮೆಕ್ಯಾನಿಕ್‌ಗಳು ಹೂಡಿದ್ದ ಕೇಸಿನಲ್ಲಿ 2013ರಲ್ಲಿ ಕ್ಯಾಲಿಫೋರ್ನಿಯಾ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಇಂಥ ಹೊತ್ತಿಗೆ ಪ್ರತ್ಯೇಕ ಕೂಲಿ ಕೊಡಬೇಕೆಂಬ ಕಾನೂನು ಆ ರಾಜ್ಯದಲ್ಲಿ 2016ರ ಜನವರಿ 1ರಿಂದ ಜಾರಿಯಲ್ಲಿದೆ. ಆದರೆ ದೇಶದ ಮಟ್ಟದಲ್ಲಿ ಡೀಲರ್‌ಗಳ ಮೆಕ್ಯಾನಿಕ್‌ಗಳು ಓವರ್‌ಟೈಮ್ ಕಾನೂನಿನಿಂದ ಹೊರಗೇ ಇದ್ದಾರೆ. ಸರ್ವಿಸ್ ಅಡ್ವೈಸರ್‌ಗಳೂ ಅದೇ ಗುಂಪಿಗೆ ಸೇರುತ್ತಾರೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ 5-4 ಬಹುಮತದಿಂದ ಹೇಳಿತು.

ನಮ್ಮ ಕಡೆ ಹೇಗೆ?

ನಮ್ಮಲ್ಲಿ ಸಾಮಾನ್ಯವಾಗಿ ತಿಂಗಳ ಸಂಬಳ ಇರುತ್ತದೆ, ಅದರ ಮೇಲೆ ಇನ್ಸೆಂಟಿವ್. ಹಾಗಾಗಿ ಅಮೆರಿಕದಷ್ಟು ಬಿಗಿ ಇಲ್ಲ. ಆದರೆ ಸಂಬಳ ಸಣ್ಣದಿದ್ದಾಗ ಇನ್ಸೆಂಟಿವ್ ದೊಡ್ಡದಾಗಿ ಕಾಣುತ್ತದೆ. ದಿನಕ್ಕೆ ಎಷ್ಟು ಗಾಡಿ ಹೊರಗೆ ಹೋಯಿತು, ತಿಂಗಳಿಗೆ ಎಷ್ಟು ಲೇಬರ್ ಬಿಲ್ ಆಯಿತು ಎನ್ನುವ ಲೆಕ್ಕ ಇಲ್ಲೂ ಇದೆ.

ಗ್ರಾಹಕರ ಎದುರು ಕೂರುವ ಅಡ್ವೈಸರ್ ಮೇಲೆ ಟಾರ್ಗೆಟ್ ಇನ್ನೂ ಜಾಸ್ತಿ. ಕೋಟಿಂಗ್, ಎಂಜಿನ್ ಫ್ಲಶ್, ಎಸಿ ಕ್ಲೀನಿಂಗ್, ಒಳಗಿನ ಪಾಲಿಶ್ ಇವೆಲ್ಲ ಒಂದೊಂದಾಗಿ ಬರುವುದು ಅಲ್ಲಿಂದಲೇ. ಬ್ರೇಕ್ ಪಿನ್‌ಗೆ ಗ್ರೀಸ್ ಇಲ್ಲ, ಬಾನೆಟ್‌ಗೆ ಕೋಟಿಂಗ್! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಹಾಗೆ.

ಸರ್ವಿಸ್ ಆದ ಮೇಲೆ "ಸರ್, ಕಂಪನಿಯಿಂದ ಫೋನ್ ಬರುತ್ತೆ, ದಯವಿಟ್ಟು 10ಕ್ಕೆ 10 ಹೇಳಿ" ಎಂದು ಹುಡುಗರು ಬೇಡಿಕೊಳ್ಳುವುದನ್ನು ಎಷ್ಟೋ ಜನ ನೋಡಿದ್ದಾರೆ. ಆ ಅಂಕಕ್ಕೂ ಇನ್ಸೆಂಟಿವ್‌ಗೂ ನಂಟಿರುತ್ತದೆ. ಪಾಪ ಅಂತ 10 ಕೊಟ್ಟರೆ ನಿಮ್ಮ ದೂರು ಅಲ್ಲೇ ಮುಚ್ಚಿಹೋಗುತ್ತದೆ.

ಇನ್ನು ಫ್ರೀ ಸರ್ವಿಸ್. ಗ್ರಾಹಕರಿಗೆ ಲೇಬರ್ ಮಾತ್ರ ಫ್ರೀ. ಅದಕ್ಕೆ ಕಂಪನಿ ಡೀಲರ್‌ಗೆ ಇಂತಿಷ್ಟು ಎಂದು ಕೊಡುತ್ತದೆ. ಹೆಚ್ಚು ಹೊತ್ತು ಹಿಡಿದಷ್ಟೂ ಡೀಲರ್‌ಗೆ ಗಿಟ್ಟುವುದಿಲ್ಲ. ಹಾಗಾಗಿ ಆ ಕೆಲಸ ಎಷ್ಟೋ ಸಲ ಆಗ ತಾನೇ ಐಟಿಐ ಮುಗಿಸಿ ಬಂದ, ಸ್ಟೈಪೆಂಡ್ ಮೇಲೆ ದುಡಿಯುವ ಅಪ್ರೆಂಟಿಸ್ ಹುಡುಗರ ಕೈಗೆ ಹೋಗುತ್ತದೆ. ಅವರು ಕಲಿಯಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಪಕ್ಕದಲ್ಲಿ ನಿಂತು ಕಲಿಸಬೇಕಾದ ಸೀನಿಯರ್‌ಗೆ ಕಲಿಸುವ ಹೊತ್ತಿಗೆ ಇನ್ಸೆಂಟಿವ್ ಇಲ್ಲ. ನಾಲ್ಕು ವರ್ಷ ಕಲಿತು ಕೈ ಪಳಗುವಷ್ಟರಲ್ಲಿ ಅದೇ ಹುಡುಗ ಹೆಚ್ಚು ಸಂಬಳಕ್ಕೆ ಬೆಂಗಳೂರಿಗೋ ಗಲ್ಫ್‌ಗೋ ಹೋಗುತ್ತಾನೆ, ಇಲ್ಲವೇ ಊರಲ್ಲೇ ಸ್ವಂತ ಗ್ಯಾರೇಜ್ ತೆಗೆಯುತ್ತಾನೆ. ಅವನ ಜಾಗಕ್ಕೆ ಮತ್ತೆ ಹೊಸಬ.

ಬರೀ ತಿಂಗಳ ಸಂಬಳ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ದಿನಕ್ಕೆ ಎರಡು ಗಾಡಿ ಮಾಡಿದವನಿಗೂ ಆರು ಗಾಡಿ ಮಾಡಿದವನಿಗೂ ಒಂದೇ ಸಂಬಳ ಅಂದರೆ ಕೆಲಸಗಾರನಿಗೆ ಬೇಜಾರು, ಗ್ರಾಹಕರಿಗೆ ಕಾಯುವ ಶಿಕ್ಷೆ. ಬದುಕುವಷ್ಟು ಗಟ್ಟಿ ಸಂಬಳ, ಪತ್ತೆ ಕೆಲಸಕ್ಕೆ ಪ್ರತ್ಯೇಕ ಲೆಕ್ಕ, ಗಾಡಿ ಅದೇ ದೂರಿಗೆ ವಾಪಸ್ ಬರದಿದ್ದರೆ ಇನ್ಸೆಂಟಿವ್, ಈ ಮೂರೂ ಸೇರಿದ ಕಡೆ ಅವಸರಕ್ಕೆ ಕಾರಣ ಕಡಿಮೆಯಾಗುತ್ತದೆ. ಗ್ಯಾರೇಜ್ ಇಟ್ಟು ಹುಡುಗರನ್ನು ದುಡಿಸುವ ನಮ್ಮೂರಿನ ಮಾಲೀಕರಿಗೂ ಈ ಮಾತು ಅನ್ವಯಿಸುತ್ತದೆ.

ಗ್ರಾಹಕರು ಏನು ಮಾಡಬಹುದು?

* ದೂರನ್ನು ನಿಮ್ಮ ಮಾತಿನಲ್ಲೇ ಜಾಬ್ ಕಾರ್ಡ್‌ಗೆ ಬರೆಸಿ. 'ಜನರಲ್ ಚೆಕಪ್' ಅಂತ ಬರೆದರೆ ಯಾರೂ ಹುಡುಕುವುದಿಲ್ಲ. 'ಎಡಗಡೆ ಮುಂದಿನ ಚಕ್ರ, ಹಂಪ್ ಹತ್ತುವಾಗ ಕಟಕಟ' ಎಂದು ಬರೆಸಿದರೆ ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ.
* ಗಾಡಿ ಬಿಡುವಾಗ ಮೆಕ್ಯಾನಿಕ್ ಅಥವಾ ಸೂಪರ್‌ವೈಸರ್‌ನನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆಯಿರಿ. ವಾಪಸ್ ಪಡೆಯುವಾಗಲೂ ಅಷ್ಟೆ. ಬಿಲ್ ಕಟ್ಟುವ ಮೊದಲೇ ಓಡಿಸಿ ನೋಡಿ.
* ಪಾರ್ಟ್ ಬದಲಿಸಬೇಕು ಎಂದರೆ 'ಇದೇ ಹಾಳಾಗಿದೆ ಅಂತ ಹೇಗೆ ಗೊತ್ತಾಯ್ತು?' ಎಂದು ಕೇಳಿ. ನಿಮ್ಮ ದುಡ್ಡಿನಲ್ಲಿ ಹಾಕಿಸಿದ್ದಾದರೆ ಹಳೇ ಪಾರ್ಟ್ ಕೇಳಿ ತೆಗೆದುಕೊಳ್ಳಿ. ವಾರಂಟಿಯಲ್ಲಿ ಬದಲಾದ ಪಾರ್ಟ್ ಕಂಪನಿಗೆ ಹೋಗುತ್ತದೆ.
* ಕೋಟಿಂಗ್, ಫ್ಲಶ್ ಇತ್ಯಾದಿ ಓನರ್ ಮ್ಯಾನ್ಯುಯಲ್‌ನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಬೇಡ ಎನ್ನಲು ಸಂಕೋಚ ಬೇಡ.
* ತಿಂಗಳ ಕೊನೆ ಮತ್ತು ಆಯುಧಪೂಜೆ ಹಿಂದಿನ ವಾರ ತಪ್ಪಿಸಿ. ಆಗ ವರ್ಕ್‌ಶಾಪ್ ತುಂಬಿರುತ್ತದೆ, ಟಾರ್ಗೆಟ್ ತಲೆ ಮೇಲಿರುತ್ತದೆ.
* ಚೆನ್ನಾಗಿ ಕೆಲಸ ಮಾಡಿದ ಹುಡುಗನ ಹೆಸರು ನೆನಪಿಟ್ಟುಕೊಂಡು ಮುಂದಿನ ಸಲ ಅವನನ್ನೇ ಕೇಳಿ. ಮ್ಯಾನೇಜರ್‌ಗೂ ಹೇಳಿ.

ಬಿಲ್ ಇಟ್ಟುಕೊಳ್ಳುವುದನ್ನು ಮರೆಯಬೇಡಿ. ಕೆಲಸ ಸರಿಯಾಗಿ ಮಾಡದಿದ್ದರೆ ಅದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ 'ಸೇವಾ ನ್ಯೂನತೆ'. ಮೊದಲು ಸರ್ವಿಸ್ ಮ್ಯಾನೇಜರ್‌ಗೆ, ಆಮೇಲೆ ಕಾರು ಕಂಪನಿಗೆ ಬರೆದು ತಿಳಿಸಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬೇಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕ ಇಲ್ಲ. ಸ್ವಯಂ ಉದ್ಯೋಗ ಮಾಡಿ ಹೊಟ್ಟೆ ಹೊರೆಯಲು ಗಾಡಿ ಕೊಂಡ ಸಣ್ಣ ವ್ಯಾಪಾರಿಯನ್ನೂ ಕಾನೂನು ಗ್ರಾಹಕ ಎಂದೇ ನೋಡುತ್ತದೆ.

ಕಾಸಿಗೆ ತಕ್ಕ ಕಜ್ಜಾಯ ಎನ್ನುವ ಮಾತಿದೆ. ಶೋರೂಂನಲ್ಲಿ ಗ್ರಾಹಕರು ಕಾಸು ಕೊಡುವುದರಲ್ಲಿ ಕಮ್ಮಿ ಮಾಡುತ್ತಿಲ್ಲ. ಆ ಕಾಸಿನಲ್ಲಿ ಗಾಡಿ ಕೆಳಗೆ ಮಲಗಿ ನಟ್ಟು ಬಿಗಿಯುವವನ ಕೈಗೆ ಎಷ್ಟು ತಲುಪುತ್ತದೆ, ಯಾವ ಕೆಲಸಕ್ಕೆ ತಲುಪುತ್ತದೆ ಎನ್ನುವುದರ ಮೇಲೆ ಕಜ್ಜಾಯದ ರುಚಿ ನಿಂತಿದೆ. ಮುಂದಿನ ಸಲ ಲೇಬರ್ ಚಾರ್ಜ್ ಸಾಲಿನ ಮೇಲೆ ಕಣ್ಣು ಹೋದಾಗ ಈ ಲೆಕ್ಕ ನೆನಪಿರಲಿ.