ಈ ಕೋಳಿಮರಿ ಯಾವ ತಳಿ?

ಮಕ್ಕಳೇ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ – ನೀವು ಯಾವ ಊರಿನವರೇ ಆಗಿರಿ, ನಿಮ್ಮ ಮನೆಯಲ್ಲೋ ಪಕ್ಕದ ಓಣಿಯಲ್ಲೋ ನಾಲ್ಕಾರು ಕೋಳಿಗಳನ್ನು ನೋಡಿಯೇ ಇರುತ್ತೀರಿ. ಅವುಗಳ ಮೊಟ್ಟೆ ಮಾರಿದ ಹಣದಿಂದಲೇ ನಿಮ್ಮ ನೋಟ್‌ಬುಕ್ ಬಂದಿರಲೂಬಹುದು. ಮರಿ ಮಾರಲು ಬಂದವರೊಬ್ಬರು ಕಪ್ಪು ಮರಿಯನ್ನು ತೋರಿಸಿ, "ಇದು ಕಡಕ್‌ನಾಥ್" ಎಂದು ಎರಡು ಪಟ್ಟು ಬೆಲೆ ಕೇಳಿದರು ಎನ್ನೋಣ. ಅಮ್ಮ ಕೊಡಬೇಕೇ, ಬೇಡವೇ? ಮರಿಯನ್ನು ನೋಡಿ ತಳಿಯನ್ನು ಹೇಳಲು ಸಾಧ್ಯವೇ?

ಮೊದಲು ತಳಿ ಎಂದರೇನು ತಿಳಿಯೋಣ. ತಮ್ಮಂತೆಯೇ ಇರುವ ಮರಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಕೊಡುವ ಕೋಳಿಗಳ ಗುಂಪೇ ತಳಿ. ನಾವು 'ನಾಟಿ' ಎನ್ನುವ ಕೋಳಿಗಳು ಹೆಚ್ಚಾಗಿ ಹಾಗಿರುವುದಿಲ್ಲ. ಒಂದೇ ಹೇಂಟೆಯ ಕಾವಿನಿಂದ, 21 ದಿನಗಳ ನಂತರ, ಕಪ್ಪು, ಕಂದು, ಹಳದಿ ಮರಿಗಳು ಒಟ್ಟಿಗೇ ಹೊರಬರುತ್ತವೆ. ಇಂಥ ಮರಿಗೆ ತಳಿಯ ಹೆಸರು ಹುಡುಕುವುದು ವ್ಯರ್ಥ. ಆದರೆ ಅದರ ಲಕ್ಷಣಗಳನ್ನು ಓದಬಹುದು.

ಮರಿಯ ಮೈಮೇಲೆ ಮೊದಲು ಇರುವುದು ಗರಿಯಲ್ಲ, ನಯವಾದ ತುಪ್ಪಳ. ತುಪ್ಪಳದ ಬಣ್ಣವೇ ಮುಂದೆ ಗರಿಗೂ ಬರುತ್ತದೆಂದು ತಿಳಿಯಬೇಡಿ. ಹಳದಿ ಮರಿ ದೊಡ್ಡದಾದಾಗ ಸಾಮಾನ್ಯವಾಗಿ ಬಿಳಿ ಕೋಳಿಯಾಗುತ್ತದೆ. ಬಿಳಿ ಲೆಗ್‌ಹಾರ್ನ್ ಮರಿಯೂ ಹಳದಿ, ಬ್ರಾಯ್ಲರ್ ಮರಿಯೂ ಹಳದಿ. ಕಂದು ಮೈಯ ಬೆನ್ನಿನ ಮೇಲೆ ಅಳಿಲಿನಂತೆ ಪಟ್ಟೆಗಳಿದ್ದರೆ? ಅದು ಕೋಳಿಗಳ ಮೂಲಪೂರ್ವಜನಾದ ಕೆಂಪು ಕಾಡುಕೋಳಿಯ ಗುರುತು. ಕಾಡಿನ ಒಣಎಲೆಗಳ ನಡುವೆ ಹದ್ದಿನ ಕಣ್ಣಿಗೆ ಬೀಳದಿರಲು ಆ ಪಟ್ಟೆ ನೆರವಾಗುತ್ತದೆ. ನಿಮ್ಮ ಹಿತ್ತಲಿನ ಮರಿ ಸಾವಿರಾರು ವರ್ಷಗಳ ನಂತರವೂ ಆ ಅಂಗಿಯನ್ನು ಬಿಟ್ಟಿಲ್ಲ ನೋಡಿ!

ಇನ್ನು ಗುಲಾಬಿ, ಹಸಿರು ಮರಿಗಳು. ಅಂಥ ತಳಿಯೇ ಇಲ್ಲ. ಬಿಳಿ ಕೋಳಿಯ ಮರಿಗಳಿಗೆ ಬಣ್ಣ ಹಾಕಿರುತ್ತಾರೆ. ಗರಿ ಮೂಡಿದಂತೆ ಬಣ್ಣದ ತುಪ್ಪಳ ಉದುರಿಹೋಗುತ್ತದೆ. ಇವು ಹಲವು ಬಾರಿ ಮೊಟ್ಟೆ ಕೋಳಿಗಳ ಮರಿ ಕೇಂದ್ರಗಳಿಂದ ಬಂದ ಗಂಡುಮರಿಗಳು. ಅಲ್ಲಿಗೆ ಮೊಟ್ಟೆಯಿಡುವ ಹೆಣ್ಣುಗಳೇ ಬೇಕು. ಆದ್ದರಿಂದ ಮೊಟ್ಟೆಯ ಆಸೆಯಿಂದ ಬಣ್ಣದ ಮರಿ ಕೊಂಡವರು ನಿರಾಶರಾಗುವುದೇ ಹೆಚ್ಚು.

ತಲೆಯನ್ನು ಭೂತಗನ್ನಡಿಯಿಂದ ನೋಡಿ. ಕೊಕ್ಕಿನ ಮೇಲ್ಭಾಗದಲ್ಲಿ ಜುಟ್ಟಿನ ಮೊಳಕೆ ಕಾಣುತ್ತದೆ. ಒಂದೇ ತೆಳುವಾದ ಗೆರೆಯಿದ್ದರೆ ಅದು ಗರಗಸದಂಥ ಒಂಟಿ ಜುಟ್ಟಾಗುತ್ತದೆ. ಮೂರು ಕಿರುಸಾಲುಗಳಿದ್ದರೆ ಬಟಾಣಿ ಜುಟ್ಟು. ಉದ್ದ ಕತ್ತಿನ, ಗಟ್ಟಿ ಕಾಲಿನ ಅಸೀಲ್ ತಳಿಗೆ ಬಟಾಣಿ ಜುಟ್ಟು ಇರುತ್ತದೆ. ಮೆಂಡೆಲನ ನಿಯಮಗಳು ಬಟಾಣಿ ಗಿಡಕ್ಕಷ್ಟೇ ಅಲ್ಲ, ಪ್ರಾಣಿಗಳಿಗೂ ಅನ್ವಯಿಸುತ್ತವೆ ಎಂದು ಇಂಗ್ಲೆಂಡಿನ ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿಗಳಿಂದಲೇ. ಅವರು ನೋಡಿದ ಲಕ್ಷಣಗಳಲ್ಲಿ ಜುಟ್ಟೂ ಒಂದು.

ಕತ್ತಿನಲ್ಲಿ ತುಪ್ಪಳವೇ ಇಲ್ಲದ ಮರಿ ಕಂಡರೆ ರೋಗವೆಂದು ಹೆದರಬೇಡಿ. ಬೋಳುಕತ್ತಿನ ಕೋಳಿ ಹುಟ್ಟುವಾಗಲೇ ಹಾಗಿರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಆ ಗುಣ ಬಂದಿದ್ದರೆ ಕತ್ತು ಪೂರ್ತಿ ಬೋಳು. ಒಬ್ಬರಿಂದ ಮಾತ್ರ ಬಂದಿದ್ದರೆ ಕತ್ತಿನ ಮುಂದೆ ಒಂದು ಚಿಕ್ಕ ಕುಚ್ಚು ಉಳಿಯುತ್ತದೆ. ನೋಡಲು ಚೆಂದವಿಲ್ಲ, ನಿಜ. ಆದರೆ ಮೈಯ ಶಾಖ ಬೇಗ ಹೊರಹೋಗುವುದರಿಂದ ನಮ್ಮ ಭಾಗದ ಬೇಸಿಗೆಗೆ ಇದು ಒಳ್ಳೆಯ ಗುಣವೇ.

ಕಾಲಿನ ಬಣ್ಣದಲ್ಲೂ ಒಂದು ಕತೆಯಿದೆ. ಮೆಕ್ಕೆಜೋಳ, ಹಸಿರು ಸೊಪ್ಪುಗಳಲ್ಲಿರುವ ಹಳದಿ ವರ್ಣಕ ಕೆಲವು ಕೋಳಿಗಳ ಚರ್ಮದಲ್ಲಿ ಉಳಿದು ಕಾಲು ಹಳದಿಯಾಗುತ್ತದೆ. ಉಳಿದ ಕೋಳಿಗಳಲ್ಲಿ ಒಂದು ಕಿಣ್ವ ಅದನ್ನು ಒಡೆದುಬಿಡುತ್ತದೆ. ಹಳದಿ ಕಾಲಿನ ಗುಣ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ, ದಕ್ಷಿಣ ಭಾರತದ ಕಾಡುಗಳಲ್ಲಿರುವ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು.

ಈಗ ಆ ಕಪ್ಪು ಮರಿಗೆ ಬರೋಣ. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯ ತಳಿ. 2018ರಲ್ಲಿ ಅದರ ಮಾಂಸಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಇಲ್ಲಿ ತುಪ್ಪಳ ಕಪ್ಪಾಗಿದ್ದರೆ ಸಾಲದು. ತುಪ್ಪಳವನ್ನು ಮೆಲ್ಲಗೆ ಊದಿ ಸರಿಸಿ, ಕೆಳಗಿನ ಚರ್ಮ ನೋಡಿ. ಕೊಕ್ಕು, ಕಾಲು, ಬಾಯಿಯ ಒಳಭಾಗ ನೋಡಿ. ಚರ್ಮ ನಸುಗೆಂಪು ಅಥವಾ ಬಿಳಿಯಾಗಿದ್ದರೆ ಅದು ಕಡಕ್‌ನಾಥ್ ಅಲ್ಲ ಎಂದು ಧೈರ್ಯವಾಗಿ ಹೇಳಿ. ಎಲ್ಲವೂ ಕಪ್ಪಾಗಿದ್ದರೆ? ಆಗಲೂ ಪೂರ್ತಿ ನಂಬುವಂತಿಲ್ಲ. ಕಡಕ್‌ನಾಥ್ ಹುಂಜಕ್ಕೂ ನಾಟಿ ಹೇಂಟೆಗೂ ಹುಟ್ಟಿದ ಮರಿಯ ಚರ್ಮವೂ ಕಪ್ಪಾಗಿರಬಹುದು. ಲಕ್ಷಣ ನೋಡಿ 'ಅಲ್ಲ' ಎನ್ನುವುದು ಸುಲಭ, 'ಹೌದು' ಎನ್ನುವುದು ಕಷ್ಟ.

ಗಿರಿರಾಜ, ವನರಾಜ ಮರಿಗಳ ವಿಷಯದಲ್ಲಿ ಇದು ಇನ್ನೂ ಕಷ್ಟ. ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ, ವನರಾಜ ಹೈದರಾಬಾದಿನಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ಕೋಳಿಗಳು. ಬೇರೆ ಬೇರೆ ತಳಿಗಳನ್ನು ಕೂಡಿಸಿ ಪಡೆದದ್ದರಿಂದ ಇವುಗಳ ಮರಿಗಳಲ್ಲಿ ಹಲವು ಬಣ್ಣಗಳಿವೆ. ನಾಟಿ ಮರಿಯ ಪಕ್ಕದಲ್ಲಿಟ್ಟರೆ ಮೊದಲ ದಿನ ವ್ಯತ್ಯಾಸ ಕಾಣದೇ ಇರಬಹುದು. ಇಲ್ಲಿ ಕಣ್ಣಿಗಿಂತ ತಕ್ಕಡಿ ಮೇಲು. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ, ಮೇವು ಹಾಕುವ ಮುಂಚೆ ಮರಿಯನ್ನು ತೂಗಿ ಬರೆದಿಡಿ. ಒಂದೇ ಮೇವು ತಿಂದರೂ ಗಿರಿರಾಜ ನಾಟಿಗಿಂತ ಬೇಗ ಭಾರವಾಗುತ್ತದೆ. ಬ್ರಾಯ್ಲರ್ ಮರಿಯಂತೂ ಕಾರ್ಖಾನೆಯ ಮೇವಿನಲ್ಲಿ ಆರು ವಾರಕ್ಕೆ ಎರಡು ಕಿಲೋ ದಾಟಬಲ್ಲದು.

ಅಮ್ಮನಿಗೆ ಇನ್ನೊಂದು ವಿಷಯವನ್ನೂ ತಿಳಿಸಿ. ಗಿರಿರಾಜ ಹೇಂಟೆ ನಾಟಿಗಿಂತ ಹೆಚ್ಚು ಮೊಟ್ಟೆಯಿಡುತ್ತದೆ, ಆದರೆ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಯಿಂದ ಮರಿ ಬೇಕೆಂದರೆ ನಾಟಿ ಹೇಂಟೆಯ ಕೆಳಗೆ ಇಡಬೇಕು. ಆ ಮರಿಗಳೂ ಎಲ್ಲ ಗುಣಗಳಲ್ಲಿ ತಾಯಿಯಂತೆ ಇರುವುದಿಲ್ಲ. ಅದಕ್ಕೇ ಕೊಳ್ಳುವ ಮುಂಚೆ ಮರಿಯ ಬಣ್ಣಕ್ಕಿಂತ, ಅದು ಯಾವ ಕೇಂದ್ರದಿಂದ ಬಂತು, ರಸೀದಿ ಇದೆಯೇ, ರಾಣಿಖೇತ್ ರೋಗದ ಲಸಿಕೆ ಹಾಕಿಸಿದ್ದಾರೆಯೇ ಎಂದು ಕೇಳಬೇಕು. ಊರಿನ ಪಶುವೈದ್ಯರನ್ನೂ ವಿಚಾರಿಸಬಹುದು. ಅಂದಹಾಗೆ, ಮರಿಗಳನ್ನು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.