ದೀಪ ಹಚ್ಚುವ ಹೊತ್ತಿಗೆ ತವರಿನ ನೆನಪು

ತುಮಕೂರಿನ ನನ್ನ ಮಿತ್ರರೊಬ್ಬರ ವೃದ್ಧಮಾತೆ ದೀಪ ಹಚ್ಚುವ ಹೊತ್ತಾಯಿತೆಂದರೆ ಎರಡು ಸೀರೆಗಳನ್ನು ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಕುಣಿಗಲ್ಲಿಗೆ ಹೋಗಬೇಕು, ಅಪ್ಪ ಕಾಯುತ್ತಿರುತ್ತಾರೆ! ಆ ಅಪ್ಪ ಗತಿಸಿ ನಲವತ್ತು ವರ್ಷಗಳಾದವು. ಬಾಲ್ಯದಲ್ಲಿ ಕಂಡ ಗುಬ್ಬಿ ಕಂಪನಿಯ ನಾಟಕವನ್ನು ಬಣ್ಣಿಸಬಲ್ಲ ಆಕೆಗೆ ಬೆಳಗಿನ ತಿಂಡಿಯ ನೆನಪಿಲ್ಲ.

ಸೊಸೆ ಮೊದಮೊದಲು ನಿಜವನ್ನೇ ಹೇಳುತ್ತಿದ್ದರು: “ನಿಮ್ಮಪ್ಪ ತೀರಿಕೊಂಡರಲ್ಲ, ಅತ್ತೆ.” ಅಜ್ಜಿಗೆ ಪ್ರತಿ ಸಂಜೆಯೂ ಅದು ಹೊಸ ಸಾವು, ಪ್ರತಿ ಸಂಜೆಯೂ ಹೊಸ ಅಳು.

‘ಅರವತ್ತಕ್ಕೆ ಅರಳುಮರಳು’ ಎಂದು ನಾವು ನಕ್ಕುಬಿಡುವ ಈ ಡಿಮೆನ್ಷಿಯಾ ವಯೋಧರ್ಮವಲ್ಲ, ಮೆದುಳಿನ ವ್ಯಾಧಿ. (ಥೈರಾಯ್ಡ್ ದೋಷದಿಂದಲೂ ಬಿ-12 ಕೊರತೆಯಿಂದಲೂ ಮರೆವು ಬರುವುದುಂಟು, ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಬೇಕು.) ರೋಗಿಯನ್ನು ನೋಡಿಕೊಳ್ಳುವ ಮನೆಮಂದಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯು ‘ಐಸಪೋರ್ಟ್’ ಎಂಬ ಅಂತರಜಾಲ ಪಾಠಮಾಲೆಯನ್ನು ರಚಿಸಿದೆ, 2019ರಲ್ಲಿ ಅದನ್ನು ಪುಸ್ತಕವಾಗಿಯೂ ಹೊರತಂದಿತು. ನಮ್ಮ ದೇಶದ ಸಂಸಾರಗಳಿಗೆ ಅದನ್ನು ಹೊಂದಿಸಿ ಪರೀಕ್ಷಿಸಿದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು. 23 ಪಾಠಗಳಲ್ಲಿ 10 ರೋಗಿಯ ಬದಲಾದ ನಡವಳಿಕೆಯನ್ನು ಕುರಿತವು. ಶುಶ್ರೂಷೆ ಮಾಡುವವರು ತಮ್ಮ ದೇಹ, ಮನಸ್ಸುಗಳನ್ನು ಕಾಪಾಡಿಕೊಳ್ಳುವುದಕ್ಕೆ 3 ಪಾಠಗಳಿವೆ. ಇವನ್ನು ಮನೆಯ ಗಂಡಸರು ಮೊದಲು ಓದಬೇಕೆಂಬುದು ನನ್ನ ಅಭಿಪ್ರಾಯ.

ಮಿತ್ರರು ಮೊಬೈಲಿನಲ್ಲಿ ಇಂಗ್ಲಿಷ್ ಪಾಠವನ್ನೋದಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಡದಿಗೆ ಕನ್ನಡದಲ್ಲಿ ತಿಳಿಸಿದರು: ವಾದ ಬೇಡ, ಮಾತಿನ ಹಿಂದಿರುವ ಕಳವಳವನ್ನು ಗಮನಿಸಿ, ಮೆಲ್ಲನೆ ಮನಸ್ಸನ್ನು ಬೇರೆಡೆಗೆ ತಿರುಗಿಸಬೇಕು.

ಮರುಸಂಜೆ ಸೊಸೆ ಕೇಳಿದರು: “ಕುಣಿಗಲ್ ಕೆರೆ ನಿಮ್ಮ ಮನೆಗೆ ಹತ್ತಿರವೇ, ಅತ್ತೆ?”

ಅಜ್ಜಿ ಗಂಟನ್ನು ಕೆಳಗಿಟ್ಟು ಕುಳಿತರು. ಕೆರೆಯ ಏರಿ, ಅಪ್ಪನ ಹೆಗಲು, ತೇರಿನ ದಿನದ ಬೆಂಡು-ಬತ್ತಾಸು ಎಲ್ಲವೂ ಒಂದೊಂದಾಗಿ ಬಂದವು. ಕಾಫಿ ಆರಿತು. ಎಲ್ಲ ಸಂಜೆಗಳೂ ಹೀಗಿರುವುದಿಲ್ಲ. ಮೊನ್ನೆ ಗೇಟಿನವರೆಗೂ ಹೋಗಿಬಿಟ್ಟಿದ್ದರಂತೆ. ಸೊಸೆಯೂ ಚಪ್ಪಲಿ ಮೆಟ್ಟಿ ಜೊತೆಗೆ ಹೊರಟರು. ಬೀದಿಯ ತುದಿಯವರೆಗೆ ನಡೆದು ಇಬ್ಬರೂ ಹಿಂದಿರುಗಿದರು.